ಹುಳ ಮನೇಲಿದ್ದಾಗ

ನನ್ನ ಮೈಯಿಂದ ಹುಳದ ಮನೆಯ ವಾಸನೆ ಬರುತ್ತಿದೆ, ಅದು ನನಗೊಬ್ಬಳಿಗೇ ಬರುತ್ತಿದೆಯೋ ಎಲ್ಲರಿಗೂ ಬರುತ್ತಿದೆಯೋ ತಿಳಿಯುತ್ತಿಲ್ಲ ಎಂದು ಡೈರಿಯಲ್ಲಿ ಬರೆದು, ಬರೆದದ್ದನ್ನು ತಾನೇ ಓದಿ ನಾಚಿಕೊಂಡು ಅಮೃತ ಪೆನ್ನಿನ ಮುಚ್ಚಳ ಹಾಕಿದಳು. ಎದ್ದವಳೇ ತಲೆಗೆ ನೀರು ಹಾಕಿಕೊಂಡಿದ್ದಳು. ಮೈಗೆ ಎರಡೆರಡು ಸಲ ಸೋಪು ಹಚ್ಚಿದ್ದಳು. ತಿಳಿನೀಲಿ ಚೂಡಿದಾರ ಇಸ್ತ್ರಿಯಾಗಿ ಬಂದದ್ದು ನಿನ್ನೆಯೇ. ಆದರೂ ದುಪಟ್ಟಾದ ತುದಿಯನ್ನು ಮೂಗಿಗೆ ಹಿಡಿದರೆ ಬಾಡಿದ ಹಿಪ್ಪುನೇರಳೆ ಸೊಪ್ಪು, ಹುಳದ ಹಿಕ್ಕೆ, ಅದರ ಮೇಲೆ ಉದುರಿಸಿದ ಸುಣ್ಣ ಎಲ್ಲ ಸೇರಿದ ಆ ಹಸಿ ಹಸಿ ವಾಸನೆ ಎಲ್ಲಿಂದಲೋ ಎದ್ದು ಬಂದು ಗಂಟಲಲ್ಲಿ ಕೂತುಬಿಡುತ್ತಿತ್ತು. ಬಟ್ಟೆಯಲ್ಲಿ ಇರಲಾರದು. ಕೂದಲಲ್ಲಿರಬಹುದು. ಉಗುರಿನ ಸಂದಿಯಲ್ಲಿರಬಹುದು. ಇವತ್ತು ಚಿಕ್ಕಬಳ್ಳಾಪುರದ ಮೀಟಿಂಗಿನಲ್ಲಿ ತನ್ನ ಪ್ರೊಫೆಸರು ವಾದಿರಾಜ ಸರ್ ಪಕ್ಕದಲ್ಲೇ ಎಲ್ಲಾದರೂ ಕೂರಿಸಿಬಿಟ್ಟರೆ ಎಂದು ನೆನೆದು ಅಂಗೈಯನ್ನೂ ಮೂಸಿದಳು.

“ಏನೇ ಅದು, ಬೆಕ್ಕು ಮೂಸ್ದಂಗೆ ಮೂಸ್ಕೊಂತಿದೀಯ?” ಒಲೆಯ ಹತ್ತಿರದಿಂದ ಅವಳ ತಾಯಿ ಅಕ್ಕಯಮ್ಮ ಕೇಳಿದಳು. ಹಾಸ್ಟೆಲ್ಲಿನ ಅಡುಗೆಮನೆಯ ಕೆಲಸಕ್ಕೆ ಹೊರಡುವ ಮುಂಚೆ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು.

“ಅಮ್ಮ, ನನ್ನಿಂದ ವಾಸನೆ ಬರ್ತಿದ್ಯಾ?”

ಅಕ್ಕಯಮ್ಮ ಸೌಟು ಹಿಡಿದೇ ಬಂದು ಮಗಳ ಕತ್ತಿನ ಹತ್ತಿರ ಮೂಗು ತಂದಳು. “ಬರ್ತಿದೆ. ಸೋಪಿಂದು. ಅರ್ಧ ಸೋಪು ಕರಗಿಸಿದೀಯ, ಬರ್ದೆ ಇರುತ್ತಾ? ನೆನ್ನೆ ಎಲ್ಲಿಗೆ ಹೋಗಿದ್ದೆ?”

“ಕೆಂಚಾರ್ಲಹಳ್ಳಿಗೆ. ವೆಂಕಟರತ್ನಮ್ಮನೋರ ಮನೆಗೆ.”

ಸೌಟು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆ ಮನೆಯ ರೇಷ್ಮೆ ಹುಳದ ಕೆಲಸ ಬಿಟ್ಟು ತಾಯಿ ಮಗಳು ಚಿಂತಾಮಣಿಗೆ ಬಂದು ಎಷ್ಟೋ ವರ್ಷವಾಗಿತ್ತು. “ಬೆಳೆ ಎದ್ದಿರ್ಬೇಕಲ್ಲ ಇಷ್ಟೊತ್ಗೆ?”

“ಹೂಂ. ಗೂಡು ಮಾರ್ಕೆಟ್ಟಿಗೆ ಹೋಗಾಯ್ತು. ಹುಳದ ಮನೆ ಖಾಲಿ.”

“ಹಂಗಾದ್ರೆ ಅಳ್ತಾ ಕೂತಿರ್ತಾಳೆ ಬಿಡು,” ಎಂದಳು ಅಕ್ಕಯಮ್ಮ, ಇವತ್ತು ಬಿಸಿಲು ಜಾಸ್ತಿ ಅನ್ನುವಷ್ಟೇ ಸಲೀಸಾಗಿ, ಡಬ್ಬಿಯ ಮುಚ್ಚಳ ಒತ್ತುತ್ತಾ.

ಚಿಂತಾಮಣಿ ಬಿಟ್ಟ ಬಸ್ಸು ಶಿಡ್ಲಘಟ್ಟದ ದಾರಿ ಹಿಡಿದಾಗಲೂ ಆ ಮಾತು ಅಮೃತಳ ಕಿವಿಯಲ್ಲಿತ್ತು. ಡಬ್ಬಿಯ ಬಿಸಿ ತೊಡೆಗೆ ತಾಕುತ್ತಿತ್ತು. ಅಮ್ಮ ಅದನ್ನು ಎಷ್ಟು ಸುಲಭವಾಗಿ ಅಂದುಬಿಟ್ಟಳು. ವಾದಿರಾಜ ಸರ್ ಇಷ್ಟು ದಿನ ಕಂಪ್ಯೂಟರಿನ ಮುಂದೆ ಕೂತು ಹುಡುಕಿದ್ದು, ಪಟ್ಟಿ ಹಾಕಿದ್ದು, ಗೆರೆ ಎಳೆದದ್ದು ಎಲ್ಲದರಲ್ಲೂ ಇಲ್ಲದ ಒಂದು ಸಾಲು. ಕೆಂಚಾರ್ಲಹಳ್ಳಿಯ ಸುತ್ತಿನ ಹೆಂಗಸರ ಮನಸ್ಸಿನ ಭಾರ ಎಷ್ಟು, ವಾರಕ್ಕೊಮ್ಮೆ ಒಬ್ಬರು ಹೋಗಿ ಕೂತು ಅವರ ಮಾತು ಕೇಳಿಸಿಕೊಂಡರೆ ಆ ಭಾರ ಇಳಿಯುತ್ತದೆಯೇ ಎಂಬುದು ಸರ್ ಅಧ್ಯಯನ. ಕೇಳಿಸಿಕೊಳ್ಳಲು ಹೋಗುತ್ತಿದ್ದವಳು ಶ್ರೀವಲ್ಲಿ. ಮುಂಚೆ ಒಂದು ಸಲ, ಕೊನೆಗೆ ಒಂದು ಸಲ ಪ್ರಶ್ನೆ ಕೇಳಿ ಉತ್ತರಕ್ಕೆ ಅಂಕಿ ಹಾಕಿಕೊಂಡು ಬರುವವಳು ಅಮೃತ. ಹೋಲಿಸಿ ನೋಡಲು ಗೌರಿಬಿದನೂರಿನ ಆಚೆ ವಿದುರಾಶ್ವತ್ಥದ ಕಡೆಯ ಹಳ್ಳಿಗಳು; ಅಲ್ಲಿ ಶ್ರೀವಲ್ಲಿ ಹೋಗುವುದಿಲ್ಲ, ಪ್ರಶ್ನೆ ಮಾತ್ರ. ಕೊನೆಯ ಸಲ ಕೇಳಿ ಬಂದ ಮೇಲೆ ವಿದುರಾಶ್ವತ್ಥದ ಅಂಕಿ ಇದ್ದಲ್ಲೇ ಇತ್ತು. ಕೆಂಚಾರ್ಲಹಳ್ಳಿಯದು ಬಾವಿಗೆ ಬಿಟ್ಟ ಬಿಂದಿಗೆಯಂತೆ ಇಳಿದುಹೋಗಿತ್ತು. ಸರ್ ಆವತ್ತು ಎಲ್ಲರಿಗೂ ಜಿಲೇಬಿ ತರಿಸಿದ್ದರು. ಇವತ್ತು ಹಣ ಕೊಡುವ ಸಂಸ್ಥೆಯ ಮೋಹನ್‌ಬಾಬು ಬರುತ್ತಾರೆ, ಗೆರೆ ನೋಡುತ್ತಾರೆ, ಕೆಂಚಾರ್ಲಹಳ್ಳಿಯ ಹೆಂಗಸರು ಹುಷಾರಾದರು, ಇನ್ನು ಅಲ್ಲಿ ಭೇಟಿ ಸಾಕು, ಗೌರಿಬಿದನೂರಿನ ಕಡೆ ಶುರುಮಾಡಿ ಎನ್ನುತ್ತಾರೆ. ಅಷ್ಟೇ. ಒಳ್ಳೆಯದೇ ತಾನೇ. ಆದರೆ ಕೊನೆಯ ಸಲ ಕೇಳಲು ಹೋದಾಗ ಕೆಂಚಾರ್ಲಹಳ್ಳಿಯ ಸುತ್ತ ಹೋದ ಹೋದ ಮನೆಯಲ್ಲಿ ಹುಳ ಇತ್ತು. ವಿದುರಾಶ್ವತ್ಥದ ಕಡೆಯ ಆ ಹಳ್ಳಿಗಳಲ್ಲಿ ಮುಸುಕಿನ ಜೋಳ.

ಅವಳಿಗೆ ಮೊದಲ ಸಲದ ದಿನ ನೆನಪಾಯಿತು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮುಂಚಿನ ಬಿಡುವು. ವೆಂಕಟರತ್ನಮ್ಮನವರ ಹುಳದ ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಬಾಗಿಲು ತೆರೆದಿಟ್ಟಿದ್ದರು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಗೋಡೆಗೊರಗಿ ಬಿಸಿಲು ಕಾಯುತ್ತಿದ್ದವು. ಪರಿಚಯದವರ ಮನೆಗೆ ನೀವೇ ಹೋಗಬಾರದು, ಪರಿಚಯ ಇದ್ದರೆ ಹೇಳಿ, ಬೇರೆಯವರನ್ನು ಕಳಿಸುತ್ತೇವೆ ಎಂದು ತರಬೇತಿಯಲ್ಲಿ ಸರ್ ಸ್ಪಷ್ಟವಾಗಿ ಹೇಳಿದ್ದರು. ಹೇಳಬೇಕಾದರೆ ಹೇಗೆ ಪರಿಚಯ ಎಂದು ಕೇಳುತ್ತಾರೆ. ನಮ್ಮಮ್ಮ ಅವರ ಮನೆಯಲ್ಲಿ ಸೊಪ್ಪು ಕೊಯ್ಯುತ್ತಿದ್ದಳು, ಹಿಕ್ಕೆ ಬಳಿಯುತ್ತಿದ್ದಳು ಎನ್ನಬೇಕು. ಇಂಗ್ಲಿಷಿನಲ್ಲಿ ಒಬ್ಬರಿಗೊಬ್ಬರು ನಗೆಚಾಟಿಕೆ ಮಾಡಿಕೊಂಡು ಕೂತಿದ್ದ ಆ ಕೋಣೆಯಲ್ಲಿ ಅದನ್ನು ಹೇಳಲು ಬಾಯಿ ಬಂದಿರಲಿಲ್ಲ. ವೆಂಕಟರತ್ನಮ್ಮ ಮಾತ್ರ ಹೊಸಿಲಲ್ಲೇ ಗುರುತು ಹಿಡಿದಿದ್ದರು. “ಅಕ್ಕಯಮ್ಮನ ಕೂಸಲ್ವಾ ನೀನು? ರಾಮ್ಮಾ, ಕೂಚೋ, ಬಾ ಕೂತ್ಕೋ. ಎಷ್ಟೆತ್ತರ ಆಗ್ಬಿಟ್ಟಿದೀಯ. ನಮ್ಮನೆ ಮಗೂನೇ ಪಾಸಾದಷ್ಟು ಖುಷಿ ಆಗುತ್ತೆ ನೋಡು.” ಆ ಖುಷಿ ಸುಳ್ಳಾಗಿರಲಿಲ್ಲ. ಟೀ ಬಂದಾಗ ಜೊತೆಗೆ ಬಂದಿದ್ದ ಶ್ರೀವಲ್ಲಿಗೆ ಸ್ಟೀಲಿನ ಲೋಟ, ಅಮೃತಳಿಗೆ ಕಾಗದದ ಕಪ್ಪು. ಅದೂ ಸುಳ್ಳಾಗಿರಲಿಲ್ಲ. ಕಾಗದದ ಕಪ್ಪು ಬೇಗ ಮೆತ್ತಗಾಗುತ್ತದೆಂದು ಬಿಸಿ ಬಿಸಿಯಾಗಿಯೇ ಕುಡಿದು ನಾಲಿಗೆ ಸುಟ್ಟುಕೊಂಡಿದ್ದಳು. ಹೊರಗೆ ಬಂದಾಗ ಶ್ರೀವಲ್ಲಿ, “ನಿಂಗೆ ಯೂಸ್ ಅಂಡ್ ಥ್ರೋ ಕೊಟ್ರಲ್ಲ, ಲಕ್ಕಿ ಕಣೇ, ಆ ಲೋಟ ನೋಡಿದ್ರೆ ನಂಗೆ ಕುಡಿಯೋಕೇ ಆಗ್ಲಿಲ್ಲ” ಎಂದಿದ್ದಳು. ಅಮೃತ ನಕ್ಕಿದ್ದಳು. ನಗಬೇಕಾದಲ್ಲಿ ನಗುವುದು ಅವಳಿಗೆ ಯಾವತ್ತೂ ಕಷ್ಟವಾಗಿಲ್ಲ.

ಶ್ರೀವಲ್ಲಿ ಪಕ್ಕದ ಮನೆಗೆ ಹೋದ ಮೇಲೆ ಪ್ರಶ್ನೆಗಳು ಶುರುವಾಗಿದ್ದವು. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಮನಸ್ಸಿಲ್ಲ ಅನ್ನಿಸಿತೇ. ನಿದ್ದೆ ಬಾರದೇ ಹೋಯಿತೇ. ನನ್ನಿಂದ ಯಾರಿಗೂ ಉಪಯೋಗವಿಲ್ಲ ಅನ್ನಿಸಿತೇ. ವೆಂಕಟರತ್ನಮ್ಮ ಒಂದೊಂದಕ್ಕೂ ತಲೆ ಆಡಿಸುತ್ತಾ ಹೋಗಿ, ಇದ್ದಕ್ಕಿದ್ದಂತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ತೊಳೆದ ಖಾಲಿ ಮನೆಯಲ್ಲಿ ಅಳು ಗೋಡೆಯಿಂದ ಗೋಡೆಗೆ ಹೋಗಿ ಬರುತ್ತಿತ್ತು. ಕೊನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂಬ ಯೋಚನೆ ಬಂದಿತ್ತೇ ಎಂಬುದನ್ನು ಕೇಳುವಾಗ ಅಮೃತಳ ದನಿ ಸಣ್ಣದಾಗಿತ್ತು. ವೆಂಕಟರತ್ನಮ್ಮ ಕಣ್ಣೊರೆಸಿಕೊಂಡು ಅವಳನ್ನು ನೋಡಿದರು. “ಬರ್ದೆ ಏನಮ್ಮ. ಹಿತ್ಲ ಬಾವಿ ಹತ್ರ ಹೋಗಿ ನಿಂತ್ಕೊಂತೀನಿ. ಬಗ್ಗಿ ನೋಡ್ತೀನಿ. ನೀರಿದ್ದಿದ್ರೆ ಯಾವತ್ತೋ ಬಿದ್ದಿರ್ತಿದ್ನೇನೋ. ಅದ್ರಲ್ಲೂ ನೀರಿಲ್ವಲ್ಲ.” ಎಂದು ನಕ್ಕರು. ನಗು ಹಿಡಿಯಲಾರದೆ ಅಮೃತಳೂ ನಕ್ಕಳು. ಇಬ್ಬರೂ ಆ ಖಾಲಿ ಮನೆಯಲ್ಲಿ ಕೂತು ಒಣಗಿದ ಬಾವಿಯ ವಿಷಯಕ್ಕೆ ನಕ್ಕಿದ್ದರು. ಅದಕ್ಕೆ ಅವಳು ಹಾಕಿಕೊಂಡು ಬಂದದ್ದು ಕಟ್ಟಕಡೆಯ ಅಂಕಿ, ಎಲ್ಲಕ್ಕಿಂತ ದೊಡ್ಡದು. ಮಾರನೆಯ ವಾರದಿಂದಲೇ ಶ್ರೀವಲ್ಲಿಯ ಭೇಟಿ ಶುರುವಾಗಿತ್ತು, ತಿಂಗಳಿಗೊಮ್ಮೆ ಡಾಕ್ಟರೂ ಬರುತ್ತಿದ್ದರು. ಅಳುವವರ ಮುಂದೆ ಅಂಕಿ ಹಾಕುವುದು ನಾಚಿಕೆಗೇಡು ಅನ್ನಿಸಿದ್ದರೂ, ಆ ಅಂಕಿಯಿಂದ ಯಾರೋ ಬಂದರು ಎಂಬುದು ಅವಳಿಗೆ ಒಂದು ಸಮಾಧಾನ.

ಬಸ್ಸು ಶಿಡ್ಲಘಟ್ಟಕ್ಕೆ ಹತ್ತಿರವಾಗಿತ್ತು. ಗೂಡು ಬೇಯಿಸುವ ಬಿಸಿನೀರಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಅಮೃತಳಿಗೆ ಒಂದು ಥರದ ಬಿಡುಗಡೆ: ಈಗ ಬಸ್ಸಿನಲ್ಲಿರುವ ಎಲ್ಲರ ಮೈಯಿಂದಲೂ ಅದೇ ವಾಸನೆ. ಸ್ಟಾಂಡಿನಲ್ಲಿ ಶ್ರೀವಲ್ಲಿ ಹತ್ತಿದಳು. ರೇಷ್ಮೆ ಸೀರೆ ಉಟ್ಟಿದ್ದಳು, ಮಲ್ಲಿಗೆ ಮುಡಿದಿದ್ದಳು. “ಸರ್ಕೊಳ್ಳೇ ಆ ಕಡೆಗೆ,” ಎಂದು ಪಕ್ಕದಲ್ಲಿ ಕೂತು ಮೂಗಿಗೆ ಕರ್ಚೀಫು ಹಿಡಿದಳು. “ಕಣ್ಣು ಕಟ್ಟಿ ತಂದು ಬಿಟ್ರೂ ನಮ್ಮೂರು ಗೊತ್ತಾಗುತ್ತೆ ಕಣೇ. ಹುಟ್ಟಿದಾಗಿಂದ ಕುಡಿದ್ರೂ ಈ ವಾಸನೆ ಒಗ್ಗಲಿಲ್ಲ ನಂಗೆ. ಹೆಂಗಿದೀನಿ ಹೇಳು? ಜಾಸ್ತಿ ಆಯ್ತಾ? ಅಮ್ಮ ಮದ್ವೇಗೆ ಹೊರಟಂಗಿದೀಯ ಅಂದ್ಳು.”

“ಚೆನ್ನಾಗಿದೆ.”

“ನೀನು ಎಲ್ಲಕ್ಕೂ ಚೆನ್ನಾಗಿದೆ ಅಂತೀಯ. ನಿನ್ನ ಕೇಳಿ ಪ್ರಯೋಜನ ಇಲ್ಲ.” ಶ್ರೀವಲ್ಲಿ ಸೆರಗು ಸರಿಮಾಡಿಕೊಂಡಳು. ಆಮೇಲೆ ದನಿ ತಗ್ಗಿಸಿ, “ನಿಂಗೊಂದು ಹೇಳ್ಲಾ? ನಗಬಾರ್ದು. ರಾತ್ರಿ ಸರ್ ಕಳಿಸಿದ ಗ್ರಾಫ್ ಇದ್ಯಲ್ಲ, ಅದನ್ನ ನಮ್ಮಪ್ಪಂಗೆ ತೋರಿಸ್ದೆ. ಡಿಗ್ರಿ ಎರಡು ಸಲ ಫೇಲಾದೆ ನಾನು, ಗೊತ್ತಲ್ಲ. ಇದನ್ನ ನೋಡಿ ನಮ್ಮಪ್ಪ ಕನ್ನಡಕ ತೆಗೆದು ಒರೆಸ್ಕೊಂಡ್ರು. ನನ್ನಿಂದ ಒಬ್ಬರಿಗಾದ್ರೂ ಉಪಯೋಗ ಆಯ್ತು ಅಂತ ಮೊದಲನೇ ಸಲ ಅನ್ನಿಸ್ತು ಕಣೇ” ಎಂದಳು.

ಅಮೃತ ಕಿಟಕಿಯ ಕಡೆ ತಿರುಗಿದಳು. “ಶ್ರೀವಲ್ಲಿ, ನೀನು ಕೊನೇಲಿ ಹೋಗ್ತಿದ್ದಾಗ ವೆಂಕಟರತ್ನಮ್ಮನೋರು ಮನೆ ಒಳಗೆ ಕರೀತಿದ್ರಾ?”

“ಒಳಗಾ? ಇಲ್ಲಪ್ಪ. ಹೊರಗಡೆ ಕಟ್ಟೆ ಮೇಲೆ. ಒಳಗೆ ಹುಳ ಐತೆ ಬ್ಯಾಡಮ್ಮ ಅನ್ನೋರು. ಎದ್ದು ಎದ್ದು ಸೊಪ್ಪು ಹಾಕಕ್ಕೆ ಓಡೋರು. ಆಗ ಆರಾಮಾಗೇ ಇದ್ರಲ್ಲ, ಮೊದಲಿನ ಥರ ಅಳ್ತಾನೇ ಇರ್ಲಿಲ್ಲ. ಯಾಕೆ?”

“ಏನಿಲ್ಲ.”

ಏನಿಲ್ಲ ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ ಒಳಗೆ ಎಲ್ಲವೂ ಇತ್ತು. ಎರಡನೆಯ ಸಲ ಅಮೃತಳನ್ನು ವೆಂಕಟರತ್ನಮ್ಮ ಒಳಗೇ ಕರೆದಿದ್ದರು. ಅಕ್ಕಯಮ್ಮನ ಮಗಳಿಗೆ ಹುಳದ ಮನೆಯ ನಡೆ ಗೊತ್ತು, ಚಪ್ಪಲಿ ಬಿಡುತ್ತಾಳೆ, ಕೈಕಾಲು ತೊಳೆಯುತ್ತಾಳೆ, ಸೆಂಟು ಹಾಕಿಕೊಂಡು ಬಂದಿರುವುದಿಲ್ಲ ಎಂಬ ನಂಬಿಕೆ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳ. ಹಸಿವು ಹೆಚ್ಚು. ತಟ್ಟೆ ತಟ್ಟೆಯಲ್ಲೂ ಬೆರಳುದ್ದದ ಬಿಳಿ ಹುಳಗಳು ಸೊಪ್ಪು ತಿನ್ನುತ್ತಿದ್ದ ಸದ್ದು ಮನೆಯನ್ನೆಲ್ಲ ತುಂಬಿತ್ತು. ಹೆಂಚಿನ ಮೇಲೆ ಯಾರೋ ಮರಳು ಉದುರಿಸುತ್ತಲೇ ಇರುವ ಹಾಗೆ. ಆ ಸದ್ದು ಕಿವಿಗೆ ಬಿದ್ದೊಡನೆ ಅವಳ ದನಿ ತಾನಾಗಿ ತಗ್ಗಿತು. ಹೆಜ್ಜೆ ತಾನಾಗಿ ಮೆತ್ತಗಾಯಿತು. ಮೈಗೆ ಗೊತ್ತಿದ್ದದ್ದು ತಲೆಗೆ ತಿಳಿಯುವಷ್ಟರಲ್ಲಿ ಅರ್ಧ ಪ್ರಶ್ನೆಗಳು ಮುಗಿದಿದ್ದವು. ಮನಸ್ಸಿಗೆ ಬೇಜಾರೇನಾದರೂ? ಇಲ್ಲಮ್ಮ. ನಿದ್ದೆ? ಬಾಗಾ ಬರುತ್ತೆ. ಊಟ? ಬಾಗುಂಡಾನಮ್ಮ, ಎಲ್ಲಾ ಬಾಗೇ ಉಂಡಾದಿ. ಕನ್ನಡದ ಪ್ರಶ್ನೆಗೆ ತೆಲುಗಿನ ಉತ್ತರ, ಎಲ್ಲಾ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ. ವೆಂಕಟರತ್ನಮ್ಮ ಹುಳದ ಮೇಲೆ ಸೊಪ್ಪು ಹರಡುತ್ತಾ, ಹುಳಕ್ಕೇ ಹೇಳುವಂತೆ ಹೇಳುತ್ತಿದ್ದರು. ಕಣ್ಣ ಕೆಳಗೆ ಮೊದಲಿಗಿಂತ ಕಪ್ಪಾಗಿತ್ತು. ಕೈ ಬಳೆ ಮೊಣಕೈಯವರೆಗೆ ಜಾರುವಷ್ಟು ಸೊರಗಿತ್ತು. ಕಂಡದ್ದಕ್ಕೆ ಅಂಕಿ ಇಲ್ಲ. ಹೇಳಿದ್ದಕ್ಕೆ ಮಾತ್ರ. ಪ್ರಶ್ನೆಯನ್ನು ಇದ್ದ ಹಾಗೇ ಓದಬೇಕು, ಉತ್ತರವನ್ನು ಹೇಳಿದ ಹಾಗೇ ಬರೆಯಬೇಕು, ಒಂದು ಪದ ಸೇರಿಸಬಾರದು, ಒಂದು ಪದ ಬಿಡಬಾರದು. ಅವಳು ಸೊನ್ನೆ ಹಾಕುತ್ತಾ ಹೋದಳು. ಕೊನೆಯ ಪ್ರಶ್ನೆಗೆ ಬಂದಾಗ ಸಾಯುವುದು ಎಂಬ ಪದ ನಾಲಿಗೆಯ ಮೇಲೆ ಬಂದು ನಿಂತಿತು. ಈ ಮನೆಯಲ್ಲಿ, ಈ ಸದ್ದಿನ ನಡುವೆ, ಆ ಪದ. “ಅಂಥದ್ದೇನೂ ಇಲ್ಲ ಅಲ್ವಾ, ಅಮ್ಮ?” ಎಂದುಬಿಟ್ಟಳು. ವೆಂಕಟರತ್ನಮ್ಮ ತಲೆ ಎತ್ತಿ ಅವಳನ್ನು ಮೆಚ್ಚುಗೆಯಿಂದ ನೋಡಿದರು. ಆಡಬಾರದ್ದನ್ನು ಆಡದೆ ಬಿಟ್ಟ ಹುಡುಗಿಯನ್ನು ನೋಡುವ ಹಾಗೆ. “ಇಲ್ಲಮ್ಮ, ಅಂಥದ್ದೇನೂ ಇಲ್ಲ.”

ಸಿಂಧುತ್ವ ಎಂಬ ಪದವನ್ನು ಅವಳು ಮೊದಲು ಕಂಡದ್ದು ಮನಶ್ಶಾಸ್ತ್ರದ ಪುಸ್ತಕದಲ್ಲಲ್ಲ, ಜಾತಿ ಪ್ರಮಾಣಪತ್ರದ ಜೊತೆಗೆ ಕೊಡುವ ಇನ್ನೊಂದು ಪತ್ರದಲ್ಲಿ. ಅದಕ್ಕಾಗಿ ಅಮ್ಮನ ಜೊತೆ ಆಫೀಸಿಗೆ ಅಲೆದದ್ದು, ನೀವು ನೀವೇ ಅನ್ನೋದಕ್ಕೆ ಏನು ಸಾಕ್ಷಿ ಎಂದು ಒಬ್ಬ ಗುಮಾಸ್ತ ಹಲ್ಲು ಕಿರಿದು ಕೇಳಿದ್ದು. ಎಂಎಸ್ಸಿಯಲ್ಲಿ ವಾದಿರಾಜ ಸರ್ ಅದೇ ಪದವನ್ನು ಬೋರ್ಡಿನ ಮೇಲೆ ಬರೆದಾಗ ಅವಳು ಬೆವೆತಿದ್ದಳು. ಸರ್ ಸೀಮೆಸುಣ್ಣ ಕೆಳಗಿಟ್ಟು, “ಇದರರ್ಥ ಇಷ್ಟೇನಮ್ಮ. ನಾವು ಅಳೀಬೇಕು ಅಂದ್ಕೊಂಡಿರೋದನ್ನೇ ಅಳೀತಿದೀವಾ, ಇಲ್ಲಾ ಅದರ ಹೆಸರಲ್ಲಿ ಇನ್ನೇನನ್ನೋ ಅಳೀತಿದೀವಾ? ಈ ಪ್ರಶ್ನೆ ಕೇಳ್ಕೊಳ್ಳದೇ ಇರೋನು ವಿಜ್ಞಾನಿ ಅಲ್ಲ, ಲೆಕ್ಕಿಗ” ಎಂದಿದ್ದರು. ಆವತ್ತು ರಾತ್ರಿ ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದಳು. ಅಂಥ ಗುರು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದು, ತೆಲುಗಿಗೆ ತಂದು, ಮತ್ತೆ ಬೇರೆಯವರಿಂದ ಇಂಗ್ಲಿಷಿಗೆ ತಿರುಗಿಸಿ, ಒಂದೊಂದು ಪದಕ್ಕೂ ಜಗಳ ಆಡಿದವರು. ಬೇಜಾರು ಅನ್ನೋಣವೋ ಸಂಕಟ ಅನ್ನೋಣವೋ ಎಂದು ಒಂದು ಮಧ್ಯಾಹ್ನವೆಲ್ಲ ಊಟ ಬಿಟ್ಟು ಕೂತಿದ್ದರು. ಪದಗಳನ್ನು ಅಷ್ಟು ಜೋಪಾನ ಮಾಡಿದವರು ಪದಗಳನ್ನು ಆಡುವ ಮನೆಯಲ್ಲಿ ಆಗ ಏನಿರುತ್ತದೆ ಎಂದು ಕೇಳಲಿಲ್ಲ. ಕೇಳಲು ಅವರಿಗೆ ಗೊತ್ತಿರಬೇಕಲ್ಲ. ಗೊತ್ತಿದ್ದವಳು ಆ ಮಧ್ಯಾಹ್ನ ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

“ಏನೇ, ಮುಖ ಹಿಂಗಾಗಿದೆ? ವಾಂತಿ ಬರೋ ಹಂಗಿದ್ಯಾ?” ಶ್ರೀವಲ್ಲಿ ಬ್ಯಾಗಿನಿಂದ ನಿಂಬೆಹಣ್ಣು ತೆಗೆದು ಕೊಟ್ಟಳು. ಅಮೃತ ಅದನ್ನು ಮೂಗಿಗೆ ಹಿಡಿದುಕೊಂಡಳು. ನಿಂಬೆಯ ವಾಸನೆಯ ಕೆಳಗೂ ಅದೇ ಇತ್ತು.

ನಿನ್ನೆ ಸಂಜೆ ಅವಳು ಕೆಂಚಾರ್ಲಹಳ್ಳಿಗೆ ಹೋದದ್ದು ಅಧ್ಯಯನಕ್ಕೆ ಸಹಕರಿಸಿದವರಿಗೆಲ್ಲ ಸರ್ ಕೊಡಿಸಿದ್ದ ಸ್ಟೀಲಿನ ಡಬ್ಬಿಗಳನ್ನು ಹಂಚಲು. ವೆಂಕಟರತ್ನಮ್ಮನವರದು ಕೊನೆಯ ಮನೆ. ಹುಳದ ಮನೆಯ ಬಾಗಿಲು ಹಾರು ಹೊಡೆದಿತ್ತು. ಬರಿದಾದ ತಟ್ಟೆಗಳ ನಡುವೆ, ಗುಡಿಸದೆ ಬಿಟ್ಟ ಒಣಸೊಪ್ಪಿನ ಮೇಲೆ, ಅವರು ಕಾಲು ಚಾಚಿ ಕೂತಿದ್ದರು. ಡಬ್ಬಿಯನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತವಳು ಯಾರೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎಲ್ಲಿಂದಲೋ ತಿರುಗಿ ಬಂದವರಂತೆ, “ಬಂದ್ಯಾ. ಅವತ್ತು ಏನೋ ಕೇಳ್ತಿದ್ಯಲ್ಲಮ್ಮ, ಬರ್ಕೊಂತಾ. ಈಗ ಕೇಳು” ಎಂದರು.

ಈಗ ಕೇಳು. ಅಷ್ಟು ನೇರವಾಗಿ ಅವಳನ್ನು ಯಾರೂ ಏನನ್ನೂ ಬೇಡಿರಲಿಲ್ಲ. ಅವಳು ಏನೆಂದಳು? “ಕೇಳೋದೆಲ್ಲ ಮುಗೀತಮ್ಮ,” ಎಂದಳು. ಡಬ್ಬಿಯನ್ನು ಹೊಸಿಲ ಮೇಲಿಟ್ಟು, ಕೊನೆಯ ಬಸ್ಸು ಹೋಗಿಬಿಡುತ್ತದೆ ಎಂದು ಹೇಳಿ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಓಡುನಡಿಗೆಯಲ್ಲಿ ಬಂದುಬಿಟ್ಟಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಸ್ಟಾಪಿನ ಕಲ್ಲಿನ ಮೇಲೆ ಕೂತು ಶ್ರೀವಲ್ಲಿಗೆ ಫೋನು ಮಾಡಿ, ವೆಂಕಟರತ್ನಮ್ಮನೋರು ಯಾಕೋ ಸರಿಯಿಲ್ಲ, ಈ ವಾರ ತಪ್ಪದೆ ಹೋಗು ಎಂದಿದ್ದಳು. “ನಾಳೆ ಮೀಟಿಂಗ್ ಆಗ್ಲಿ, ಅವರ ಹೆಸರು ಲಿಸ್ಟಲ್ಲಿ ಇರುತ್ತೋ ಇಲ್ವೋ ನೋಡಣ” ಎಂದಿದ್ದಳು ಶ್ರೀವಲ್ಲಿ, ಒಳ್ಳೆಯ ಮನಸ್ಸಿನಿಂದಲೇ.

ಚಿಕ್ಕಬಳ್ಳಾಪುರದ ಆ ಕೋಣೆಗೆ ಹೊಸದಾಗಿ ಏಸಿ ಹಾಕಿಸಿದ್ದರು. ಉದ್ದನೆಯ ಮೇಜು, ಹೂವಿನ ಕುಂಡ, ಗೋಡೆಯ ಮೇಲೆ ಬಿಳಿ ಪರದೆ. ಅಮೃತ ಬಾಗಿಲ ಹತ್ತಿರದ ಕುರ್ಚಿ ನೋಡಿಕೊಂಡು ಕೂತಳು, ದುಪಟ್ಟಾವನ್ನು ಮಡಿಸಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು. ವಾದಿರಾಜ ಸರ್ ಇವತ್ತು ಕೋಟು ಹಾಕಿದ್ದರು. ತೋಳು ಸ್ವಲ್ಪ ಗಿಡ್ಡವಾಗಿ ಮಣಿಕಟ್ಟು ಕಾಣುತ್ತಿತ್ತು. ಆ ಮಣಿಕಟ್ಟು ನೋಡಿ ಅವಳಿಗೆ ದುಃಖ ಉಕ್ಕಿತು. ಬರುವ ವರ್ಷ ಅವರು ನಿವೃತ್ತರಾಗುತ್ತಾರೆ. ಪರದೆಯ ಮೇಲೆ ಎರಡು ಗೆರೆ ಮೂಡಿದವು. ಕೆಂಪು ಗೆರೆ ವಿದುರಾಶ್ವತ್ಥದ್ದು, ನೆಟ್ಟಗಿತ್ತು. ಹಸಿರು ಗೆರೆ ಕೆಂಚಾರ್ಲಹಳ್ಳಿಯದು, ಜಾರುತ್ತಾ ಹೋಗಿ ತಳ ಮುಟ್ಟಿತ್ತು. ಆ ತಳದಲ್ಲಿ ಎಲ್ಲೋ ವೆಂಕಟರತ್ನಮ್ಮ ಒಣಸೊಪ್ಪಿನ ಮೇಲೆ ಕಾಲು ಚಾಚಿ ಕೂತಿದ್ದರು. ಮೋಹನ್‌ಬಾಬು ಮುಂದಕ್ಕೆ ಬಾಗಿ ನೋಡಿದರು. ಸಜ್ಜನರಂತೆ ಕಾಣುವ ಮನುಷ್ಯ, ಮೆಲುದನಿ. ಎಲ್ಲರದೂ ಮೆಲುದನಿ. ಬಿಸ್ಕತ್ತಿನ ತಟ್ಟೆಯನ್ನು ಸದ್ದಾಗದಂತೆ ಸರಿಸುತ್ತಿದ್ದರು. ಏಸಿಯ ಗುಂಯ್‌ಗುಡುವಿಕೆಯೊಳಗಿಂದ ಅವಳಿಗೆ ಇನ್ನೊಂದು ಸದ್ದು ಕೇಳತೊಡಗಿತು, ಹೆಂಚಿನ ಮೇಲೆ ಮರಳು ಉದುರಿದಂತೆ. ಇಲ್ಲೂ ಏನೋ ಬೆಳೆಯುತ್ತಿದೆ, ಹಣ್ಣಾಗುವ ಹೊತ್ತು ಹತ್ತಿರವಾಗಿದೆ, ಅದಕ್ಕೇ ಯಾರೂ ಕೆಟ್ಟ ಮಾತು ಆಡುತ್ತಿಲ್ಲ.

ಮೂಗಿಗೆ ಅದೇ ವಾಸನೆ ಬಂತು. ಈ ಸಲ ಅದು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಯಿತು. ಬಟ್ಟೆಯಿಂದಲ್ಲ, ಕೂದಲಿನಿಂದಲ್ಲ. ಒಂದು ಕೈಯಿಂದ. ಅವಳು ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ. ವೆಂಕಟರತ್ನಮ್ಮನವರ ಹುಳದ ಮನೆ, ಅಮ್ಮ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಾಳೆ. ಬಾಗಿಲ ಬೆಳಕಿಗೆ ಅಡ್ಡವಾಗಿ ಯಾರೋ ಒಬ್ಬರು ನಿಂತು ನಲ್ಲಪ್ಪ, ಲಾರಿ, ಕೈವಾರದ ಗೇಟು ಎನ್ನುತ್ತಾರೆ. ನಲ್ಲಪ್ಪ ಎಂದರೆ ಅಪ್ಪ. ಅಮ್ಮನ ಬಾಯಿ ತೆರೆದುಕೊಳ್ಳುತ್ತದೆ, ಸದ್ದು ಬರುವುದಿಲ್ಲ. ಮಗು ಅಮ್ಮನ ಬಾಯಿ ನೋಡಿ ಹೆದರಿ ಕಿರುಚಲು ಹೋದಾಗ ಹಿಂದಿನಿಂದ ಒಂದು ಅಗಲವಾದ ಕೈ ಬಂದು ಅವಳ ಬಾಯಿ ಮೂಗು ಎಲ್ಲ ಮುಚ್ಚಿಕೊಳ್ಳುತ್ತದೆ. ಸೊಪ್ಪು, ಹಿಕ್ಕೆ, ಸುಣ್ಣ. “ಇಲ್ಲಿ ಅಳಬಾರ್ದು ಕಂದ, ಹುಳ ಐತೆ.” ವೆಂಕಟರತ್ನಮ್ಮನವರ ಕೈ. ಅಮ್ಮ ಬಿಚ್ಚಿದ ಸೊಪ್ಪನ್ನು ತಟ್ಟೆಗೆ ಹರಡಿದಳು. ಮುಂದಿನ ತಟ್ಟೆಗೂ ಹರಡಿದಳು. ಆಮೇಲೆ ಕೈ ತೊಳೆದುಕೊಂಡು, ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ತೋಟ ದಾಟಿ, ಬದು ದಾಟಿ, ಹುಳಕ್ಕೆ ಕೇಳದಷ್ಟು ದೂರ ಹೋದ ಮೇಲೆ ನೆಲಕ್ಕೆ ಬಿದ್ದಳು.

“ಒಂದು ಮಾತು ಕೇಳ್ಬಹುದಾ ಸರ್?” ಮೋಹನ್‌ಬಾಬು ಎಂದರು. “ಇಷ್ಟು ಇಳಿದಿರೋದು ನಾನೆಲ್ಲೂ ನೋಡಿಲ್ಲ. ನಂಬೋಕೇ ಆಗ್ತಿಲ್ಲ. ಒಳ್ಳೇ ಅರ್ಥದಲ್ಲೇ ಹೇಳ್ತಿದೀನಿ.”

ಮೇಜಿನ ಸುತ್ತ ನಗು ಎದ್ದಿತು. ವಾದಿರಾಜ ಸರ್ ಕೂಡ ನಕ್ಕರು. “ನನ್ನ ಮಾತು ನಂಬಬೇಡಿ. ನಮ್ಮ ಅಮೃತ ಇದಾಳೆ, ಮನೆಮನೆಗೂ ಹೋಗಿ ಕೇಳಿದವಳು ಅವಳೇ. ಮಾತು ಕಮ್ಮಿ, ಕೆಲಸ ಬಂಗಾರ. ಅವಳನ್ನೇ ಕೇಳಿ. ಎದ್ದು ನಿಂತ್ಕೊಂಡು ಹೇಳಮ್ಮ, ಸಂಕೋಚ ಬೇಡ. ಹೇಗಿದಾರೆ ಆ ಹೆಂಗಸರೆಲ್ಲ ಈಗ?”

ಅಮೃತ ಎದ್ದಳು. ದುಪಟ್ಟಾ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಎದುರಿಗೆ ಶ್ರೀವಲ್ಲಿ ಅವಳನ್ನೇ ನೋಡಿ ನಗುತ್ತಿದ್ದಳು, ಹೇಳೇ, ಹೇಳೇ ಎಂಬ ಹಾಗೆ. ಇಲ್ಲಿಯವರೆಗೆ ಬಂದ ಉತ್ತರ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಚೆನ್ನಾಗಿದಾರೆ ಸರ್. ಆ ಒಂದು ಮಾತು ಆಡಿ ಕೂತರೆ ಚಪ್ಪಾಳೆ, ಆಮೇಲೆ ಊಟ. “ಚೆನ್ನಾಗಿ” ಎಂಬಷ್ಟು ಹೊರಗೆ ಬಂದೂ ಬಂತು. ಅಲ್ಲಿಗೆ ನಿಂತಿತು. ಈಗ ಕೇಳು, ಎಂದಿತು ಖಾಲಿ ಮನೆಯ ದನಿ.

“ಏನಮ್ಮ?”

“ಸರ್, ನಾವು ಎರಡನೇ ಸಲ ಹೋದಾಗ ಮನೇಲಿ ಹುಳ ಇತ್ತು.”

ಯಾರೋ ಕಿಸಕ್ಕೆಂದರು. ವಾದಿರಾಜ ಸರ್ ಹುಬ್ಬು ಗಂಟಿಕ್ಕಿದರು. “ಹುಳಾನಾ? ಯಾವ ಹುಳ?”

“ರೇಷ್ಮೆ ಹುಳ ಸರ್. ಎಲ್ಲಾರ ಮನೇಲೂ.”

“ಇದ್ರೆ ಏನೀಗ? ನಾವು ಕೇಳಿದ್ದು ಹುಳಗಳನ್ನಲ್ಲವಲ್ಲ.” ಮತ್ತೆ ನಗು. ಆದರೆ ಸರ್ ನಗಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು, ಹಿಂದೆ ಸೀಮೆಸುಣ್ಣ ಇಡುತ್ತಿದ್ದ ಹಾಗೆಯೇ. “ಇರಿ. ಬಿಡಿಸಿ ಹೇಳಮ್ಮ.”

ಆ ಅಗಲವಾದ ಕೈ ಇನ್ನೂ ಬಾಯಿಯ ಮೇಲಿತ್ತು. ಅದರ ಬೆರಳ ಸಂದಿಯಿಂದಲೇ ಅವಳು ಉಸಿರು ಎಳೆದುಕೊಂಡಳು. ಎಲ್ಲರಿಗೂ ವಾಸನೆ ಬಂದರೆ ಬರಲಿ.

“ಹುಳ ಮನೇಲಿದ್ದಾಗ ನಮ್ಮ ಕಡೆ ಯಾರೂ ಅಳಲ್ಲ ಸರ್, ಕಷ್ಟ ಅಂತ ಬಾಯಿ ಬಿಡಲ್ಲ, ಬೆಳೆ ಹಾಳಾಗುತ್ತೆ ಅಂತ. ನಮ್ಮಪ್ಪ ಸತ್ತೋದ್ರು ಅಂತ ಸುದ್ದಿ ಬಂದಾಗ ನಮ್ಮಮ್ಮ ಅಂಥ ಮನೇಲೇ ಅಳ್ದೆ ಹುಳಕ್ಕೆ ಸೊಪ್ಪು ಹಾಕ್ತಾನೇ ಇದ್ರು.” ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ಆ ಹೊತ್ನಲ್ಲಿ ನಾನು ಹೋಗಿ ಈ ಪ್ರಶ್ನೆ ಎಲ್ಲಾ ಕೇಳಿದ್ದಿದ್ರೆ, ನಮ್ಮಮ್ಮಂಗೂ ಸೊನ್ನೆನೇ ಬರ್ತಿತ್ತು ಸರ್.”